ಔಷಧ ಕಂಪನಿಗಳ ರಾಜಿ ಹಣ: ಕೌಂಟಿಗೆ ಬಂದದ್ದೆಷ್ಟು, ಲೆಕ್ಕ ಕೇಳುವವರು ಯಾರು?

(ಉತ್ತರ ಕ್ಯಾರೊಲಿನಾದ ರಾಲಿ ಸುತ್ತಮುತ್ತಲಿನ ಕನ್ನಡಿಗರ ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಲೆಕ್ಕಪತ್ರದ ಮಾತು ಇಟ್ಟಿದ್ದಾರೆ. ಸಂಘಟಕರ ಧೈರ್ಯ ದೊಡ್ಡದು. ನಾನು ಆಡಿಟ್ ಕೆಲಸದವಳು. ಮಾತು ಎಲ್ಲಿಂದ ಶುರುವಾದರೂ ಕೊನೆಗೆ ರಸೀದಿಗೇ ಬಂದು ನಿಲ್ಲುತ್ತದೆ. ಸ್ವಲ್ಪ ಸಹಿಸಿಕೊಳ್ಳಿ.

ನಾವಿರುವ ಕೌಂಟಿಗಳಿಗೆ, ಅಂದರೆ ನಮ್ಮೂರಿನ ಜಿಲ್ಲೆಯಂಥ ಆಡಳಿತ ಘಟಕಗಳಿಗೆ, 2022ರಿಂದ ಒಂದು ಹಣ ಬರುತ್ತಿದೆ. ಅದು ತೆರಿಗೆ ಹಣ ಅಲ್ಲ. ವಾಷಿಂಗ್ಟನ್ನಿನ ಅನುದಾನವೂ ಅಲ್ಲ. ನೋವಿನ ಮಾತ್ರೆ ತಯಾರಿಸಿದ, ಸಾಗಿಸಿದ, ಮಾರಿದ ಕಂಪನಿಗಳು ಮೊಕದ್ದಮೆ ರಾಜಿ ಮಾಡಿಕೊಂಡು ಕಂತಿನಲ್ಲಿ ಕೊಡುತ್ತಿರುವ ಹಣ. 2038ರವರೆಗೆ ಬರುತ್ತದೆ. ನಮ್ಮ ರಾಜ್ಯದ ಪಾಲು ಎಲ್ಲ ಸೇರಿ ಸುಮಾರು 150 ಕೋಟಿ ಡಾಲರ್. ಇದರಲ್ಲಿ ದೊಡ್ಡ ಭಾಗವನ್ನು ಎಲ್ಲಿ ಖರ್ಚು ಮಾಡಬೇಕು ಅಂತ ತೀರ್ಮಾನಿಸುವವರು ರಾಜ್ಯದ ರಾಜಧಾನಿ ರಾಲಿಯ ಶಾಸಕರಲ್ಲ, ನಿಮ್ಮ ಕೌಂಟಿಯ ಕಮಿಷನರುಗಳು. ಚುನಾವಣೆಯ ದಿನ ಮತಪತ್ರದ ಕೆಳಗಿನ ಸಾಲುಗಳಲ್ಲಿ ನಾವು ಸರಿಯಾಗಿ ಓದದೆ ಗುರುತು ಹಾಕುತ್ತೇವಲ್ಲ, ಅವರೇ.

ಹಿನ್ನೆಲೆಯನ್ನು ಬೇಗ ಮುಗಿಸುತ್ತೇನೆ, ಹೆಚ್ಚಿನವರಿಗೆ ಗೊತ್ತಿರುವುದೇ. ಪರ್ಡ್ಯೂ ಫಾರ್ಮಾ ಕಂಪನಿ 1996ರಲ್ಲಿ ಆಕ್ಸಿಕಾಂಟಿನ್ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಚಟ ಹಿಡಿಯುವ ಭಯ ಕಡಿಮೆ ಅಂತ ಡಾಕ್ಟರುಗಳಿಗೆ ಹೇಳಿತು. 2007ರಲ್ಲಿ ಅದೇ ಕಂಪನಿ ಈ ವಿಷಯದಲ್ಲಿ ಸುಳ್ಳು ಹೇಳಿದ್ದು ನಿಜ ಅಂತ ಕೋರ್ಟಿನಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ ಬೇರೆ ಕಂಪನಿಗಳೂ ಇದೇ ವ್ಯಾಪಾರದಲ್ಲಿದ್ದವು. 2006ರಿಂದ 2012ರ ನಡುವೆ ದೇಶದಲ್ಲಿ ಎರಡು ಬಗೆಯ ಓಪಿಯಾಯ್ಡ್ ಮಾತ್ರೆಗಳೇ (ಅಫೀಮಿನ ಜಾತಿಯ ನೋವಿನ ಮಾತ್ರೆಗಳು) 7,600 ಕೋಟಿ ಸರಬರಾಜಾದವು. ವೆಸ್ಟ್ ವರ್ಜೀನಿಯಾದಲ್ಲಿ ಕರ್ಮಿಟ್ ಅಂತ ಒಂದು ಪುಟ್ಟ ಊರು. ಸುಮಾರು 400 ಜನ. ಅಲ್ಲಿನ ಒಂದೇ ಅಂಗಡಿಗೆ ಎರಡು ವರ್ಷದಲ್ಲಿ ಸುಮಾರು 90 ಲಕ್ಷ ಮಾತ್ರೆ ಹೋಗಿತ್ತು. ಕಳಿಸಿದವರಿಗೆ ಅನುಮಾನ ಬರಲಿಲ್ಲವಂತೆ!

ಆಮೇಲೆ ಡಾಕ್ಟರುಗಳು ಚೀಟಿ ಬರೆಯುವುದು ಕಡಿಮೆಯಾಯಿತು. ಚಟ ಮಾತ್ರ ಹಾಗೇ ಉಳಿಯಿತು. ಜನ ಹೆರಾಯಿನ್‌ಗೆ ಹೋದರು, ಅದರ ಹಿಂದೆ ಇನ್ನೂ ತೀವ್ರವಾದ ಕೃತಕ ಓಪಿಯಾಯ್ಡ್ ಆದ ಫೆಂಟನಿಲ್ ಬಂತು. ಉತ್ತರ ಕ್ಯಾರೊಲಿನಾದಲ್ಲಿ 2000ದಿಂದ 2022ರವರೆಗೆ ಡ್ರಗ್ಸ್ ಓವರ್‌ಡೋಸ್‌ನಿಂದ ತೀರಿಕೊಂಡವರು 36 ಸಾವಿರಕ್ಕೂ ಜಾಸ್ತಿ.

ಊರು, ಕೌಂಟಿ, ರಾಜ್ಯ ಅಂತ ಸಾವಿರಾರು ಮೊಕದ್ದಮೆ ಬಿದ್ದವು. ಬಹಳಷ್ಟನ್ನು ಕ್ಲೀವ್‌ಲ್ಯಾಂಡಿನ ಫೆಡರಲ್ ನ್ಯಾಯಾಧೀಶ ಡ್ಯಾನ್ ಪೋಲ್‌ಸ್ಟರ್ ಅವರ ಮುಂದೆ ಒಟ್ಟುಗೂಡಿಸಿದರು. 2021ರ ಜುಲೈನಲ್ಲಿ ದೊಡ್ಡ ರಾಜಿ ಆಯಿತು. ಮೆಕೆಸನ್, ಕಾರ್ಡಿನಲ್ ಹೆಲ್ತ್, ಅಮೆರಿಸೋರ್ಸ್‌ಬರ್ಗನ್ ಎಂಬ ಮೂರು ಸಗಟು ವಿತರಕರಿಂದ 2,100 ಕೋಟಿ ಡಾಲರ್, 18 ವರ್ಷಗಳಲ್ಲಿ. ಜಾನ್ಸನ್ ಅಂಡ್ ಜಾನ್ಸನ್‌ನಿಂದ 500 ಕೋಟಿ. ಮಾತುಕತೆಯ ಮುಂದಾಳುಗಳಲ್ಲಿ ನಮ್ಮ ಅಂದಿನ ಅಟಾರ್ನಿ ಜನರಲ್, ಅಂದರೆ ರಾಜ್ಯದ ಮುಖ್ಯ ಕಾನೂನು ಅಧಿಕಾರಿ, ಜಾಶ್ ಸ್ಟೈನ್ ಕೂಡ ಇದ್ದರು. ಈಗ ಅವರೇ ಗವರ್ನರ್. ಆಮೇಲೆ ಟೇವಾ, ಅಲರ್ಗನ್, ಸಿವಿಎಸ್, ವಾಲ್‌ಗ್ರೀನ್ಸ್, ವಾಲ್‌ಮಾರ್ಟ್ ಸೇರಿಕೊಂಡವು. ದೇಶದ ಮೊತ್ತ 5,000 ಕೋಟಿ ಡಾಲರ್ ದಾಟಿತು.

ಈಗ ನಿಜವಾದ ವಿಷಯ. ಇಷ್ಟು ದುಡ್ಡು ಬಂದಾಗ ಎಲ್ಲರ ತಲೆಯಲ್ಲಿ ಇದ್ದದ್ದು ಒಂದೇ ಹೆದರಿಕೆ: ತಂಬಾಕು ಹಣದ ಕತೆ ಮತ್ತೆ ಆಗಬಾರದು.

1998ರಲ್ಲಿ ಸಿಗರೇಟು ಕಂಪನಿಗಳು 46 ರಾಜ್ಯಗಳ ಜೊತೆ ರಾಜಿ ಮಾಡಿಕೊಂಡವು. ಮೊದಲ 25 ವರ್ಷಕ್ಕೇ 20,600 ಕೋಟಿ ಡಾಲರ್ ಅಂದಾಜು. ಆದರೆ ಆ ಹಣವನ್ನು ಇಂಥದ್ದಕ್ಕೇ ಖರ್ಚು ಮಾಡಿ ಅಂತ ಒಪ್ಪಂದದಲ್ಲಿ ಬರೆದಿರಲಿಲ್ಲ. ರಾಜ್ಯಗಳು ರಸ್ತೆಗೆ ಹಾಕಿದವು, ಬಜೆಟ್ ಕೊರತೆ ತುಂಬಿದವು. ಉತ್ತರ ಕ್ಯಾರೊಲಿನಾ ಏನು ಮಾಡಿತು ಗೊತ್ತಾ? ಹಣದ ಅರ್ಧವನ್ನು ತಂಬಾಕು ಬೆಳೆಯನ್ನೇ ನಂಬಿದ್ದ ಊರುಗಳ ಅಭಿವೃದ್ಧಿಗೆ ಅಂತ ಒಂದು ಪ್ರತಿಷ್ಠಾನಕ್ಕೆ ಕೊಟ್ಟಿತು. ಕಾಲುಭಾಗ ತಂಬಾಕು ರೈತರು ಮತ್ತು ಕೆಲಸಗಾರರ ನಿಧಿಗೆ. ಆರೋಗ್ಯದ ನಿಧಿಗೆ ಉಳಿದದ್ದು ಇನ್ನೊಂದು ಕಾಲುಭಾಗ. ಆ ಆರೋಗ್ಯ ನಿಧಿಯನ್ನೂ 2011ರಲ್ಲಿ ಶಾಸಕಾಂಗ ಮುಚ್ಚಿಬಿಟ್ಟಿತು. ಕೆಮ್ಮಿ ಕೆಮ್ಮಿ ಸತ್ತವರ ಹೆಸರಿನಲ್ಲಿ ಬಂದ ಹಣ. ಬೆಳೆಗಾರರ ಕಷ್ಟ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೂ ಆ ಪಾಲು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಹಾಗಾಗಿ ಈ ಸಲ ಒಪ್ಪಂದದಲ್ಲೇ ಬೇಲಿ ಹಾಕಿದರು. ರಾಷ್ಟ್ರಮಟ್ಟದ ರಾಜಿಯ ಪ್ರಕಾರ ಕನಿಷ್ಠ 85 ಶೇಕಡಾ ಹಣ ಓಪಿಯಾಯ್ಡ್ ಹಾನಿ ಸರಿಪಡಿಸುವ ಕೆಲಸಕ್ಕೇ ಹೋಗಬೇಕು. ಯಾವ ಕೆಲಸ ಅನ್ನುವುದಕ್ಕೆ ಉದ್ದದ ಪಟ್ಟಿ ಇದೆ. ಓವರ್‌ಡೋಸ್ ಆದಾಗ ಉಸಿರು ಮರಳಿಸುವ ನಲಾಕ್ಸೋನ್ ಔಷಧಿ ಹಂಚುವುದು, ಔಷಧದ ಚಿಕಿತ್ಸೆ, ಗರ್ಭಿಣಿಯರ ಆರೈಕೆ, ಜೈಲಿನಲ್ಲಿ ಚಿಕಿತ್ಸೆ, ಮಕ್ಕಳಲ್ಲಿ ತಿಳುವಳಿಕೆ, ಹೀಗೆ. ಇದು ಒಂದು 85. ನಮ್ಮ ರಾಜ್ಯದಲ್ಲಿ ಇನ್ನೊಂದು 85 ಇದೆ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವವರನ್ನು ಕೌಂಟಿ ಸಭೆಗಳಲ್ಲೇ ನೋಡಿದ್ದೇನೆ. ನಮ್ಮ ರಾಜ್ಯ ಸರ್ಕಾರ ಮತ್ತು ಕೌಂಟಿಗಳು ಮಾಡಿಕೊಂಡ ಕರಾರಿನಂತೆ, ಬಂದ ಹಣದಲ್ಲಿ 15 ಶೇಕಡಾ ರಾಜ್ಯಕ್ಕೆ, 85 ಶೇಕಡಾ ಸ್ಥಳೀಯ ಸರ್ಕಾರಗಳಿಗೆ. ಅಂದರೆ ನೂರೂ ಕೌಂಟಿಗಳಿಗೆ ಮತ್ತು 17 ಊರುಗಳಿಗೆ. ಈ ಪಾಲು ರಾಲಿಯ ಖಜಾನೆಗೆ ಹೋಗಿ ಬರುವುದಿಲ್ಲ. ರಾಷ್ಟ್ರಮಟ್ಟದ ಆಡಳಿತಗಾರರಿಂದ ನೇರವಾಗಿ ಕೌಂಟಿ ಖಾತೆಗೆ ಬೀಳುತ್ತದೆ. ರಾಜ್ಯದ 15 ಶೇಕಡಾ ಮಾತ್ರ ಶಾಸಕಾಂಗದ ಕೈಯಲ್ಲಿ.

ಯಾವ ಕೌಂಟಿಗೆ ಎಷ್ಟು? ಬರೀ ಜನಸಂಖ್ಯೆ ನೋಡಿ ಹಂಚಿಲ್ಲ. ಅಲ್ಲಿಗೆ ಎಷ್ಟು ಮಾತ್ರೆ ಹೋಯಿತು, ಎಷ್ಟು ಜನ ಸತ್ತರು, ಎಷ್ಟು ಜನ ಚಟದಲ್ಲಿದ್ದಾರೆ, ಈ ಮೂರು ಲೆಕ್ಕ. ಹಾಗಾಗಿ ಪಶ್ಚಿಮದ ಬೆಟ್ಟಸೀಮೆಯ ಬಡ ಕೌಂಟಿಗಳಿಗೆ ತಲೆಗೆ ಹೆಚ್ಚು ಬೀಳುತ್ತದೆ. ಅದು ನ್ಯಾಯವೇ.

ಈಗ ನನ್ನ ಪ್ರೀತಿಯ ಭಾಗ, ಕಾಗದಪತ್ರ. ಕೌಂಟಿ ಈ ಹಣವನ್ನು ಪ್ರತ್ಯೇಕ ನಿಧಿಯಲ್ಲಿ ಇಡಬೇಕು. ಸಾಮಾನ್ಯ ಖಾತೆಗೆ ಬೆರೆಸುವ ಹಾಗಿಲ್ಲ. ಬಡ್ಡಿ ಬಂದರೆ ಅದೂ ಇದೇ ಕೆಲಸಕ್ಕೆ. ಒಂದು ಡಾಲರ್ ಖರ್ಚು ಮಾಡುವ ಮೊದಲು ಕಮಿಷನರುಗಳ ಮಂಡಳಿ ಬಜೆಟ್‌ನಲ್ಲಿ ಅಥವಾ ಠರಾವಿನಲ್ಲಿ ಒಪ್ಪಿಗೆ ಕೊಡಬೇಕು. ಆ ಠರಾವು ಸುಮ್ನೆ 'ಓಪಿಯಾಯ್ಡ್ ಕೆಲಸಕ್ಕೆ ಇಷ್ಟು' ಅಂದರೆ ಸಾಲದು. ಪಟ್ಟಿಯ ಯಾವ ಕಲಮಿನ ಕೆಲಸ, ಎಷ್ಟು ಹಣ, ಎಂದಿನಿಂದ ಎಂದಿನವರೆಗೆ, ಎಲ್ಲ ಇರಬೇಕು. ವರ್ಷಕ್ಕೊಮ್ಮೆ ಹಣಕಾಸಿನ ವರದಿ, ಅದರ ಜೊತೆ ಕೆಲಸದ ಪರಿಣಾಮದ ವರದಿ. ಇವು ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದವರು ನಡೆಸುವ ಜಾಲತಾಣದಲ್ಲಿ ಎಲ್ಲರಿಗೂ ಕಾಣುತ್ತವೆ. ಜೊತೆಗೆ ಮಾಮೂಲಿ ಆಡಿಟ್. ಪ್ರತಿ ಕೌಂಟಿ ವರ್ಷಕ್ಕೆ ಒಂದಾದರೂ ಸಾರ್ವಜನಿಕ ಸಭೆ ಕರೆಯಬೇಕು.

ಪಟ್ಟಿಯಲ್ಲೂ ಎರಡು ದಾರಿ ಇದೆ. ಮೊದಲನೆಯದು ಚಿಕ್ಕ ಪಟ್ಟಿ, 12 ಕೆಲಸಗಳದ್ದು. ಫಲ ಕೊಡುತ್ತವೆ ಅಂತ ಆಧಾರ ಇರುವಂಥವು. ಇದರಿಂದ ಆರಿಸಿಕೊಂಡರೆ ಠರಾವು ಮಾಡಿ ನೇರ ಶುರು ಮಾಡಬಹುದು. ಎರಡನೆಯದು ಉದ್ದದ ಪಟ್ಟಿ. ಅದಕ್ಕೆ ಕೈ ಹಾಕಬೇಕಾದರೆ ಮೊದಲು ಊರಿನವರನ್ನು, ಚಟದಿಂದ ಹೊರಬಂದವರನ್ನು, ಚಿಕಿತ್ಸೆ ಕೊಡುವವರನ್ನು ಕೂರಿಸಿಕೊಂಡು ಯೋಜನೆ ಮಾಡಬೇಕು. ಅದನ್ನು ಕಮಿಷನರುಗಳ ಮುಂದಿಡಬೇಕು. ನನಗೆ ಈ ಏರ್ಪಾಡು ಇಷ್ಟ. ಒಳ್ಳೆಯ ಕೆಲಸವನ್ನು ಸುಲಭ ಮಾಡಿಟ್ಟಿದ್ದಾರೆ, ಅನುಮಾನದ ಕೆಲಸವನ್ನು ಸ್ವಲ್ಪ ಕಷ್ಟ ಮಾಡಿದ್ದಾರೆ. ಯಾವುದಕ್ಕೂ ಅಡ್ಡಗಾಲು ಹಾಕಿಲ್ಲ.

ಚಿಕ್ಕ ಪಟ್ಟಿಯ ಒಂದು ಕಲಮು ನೋಡಿ. ಜೈಲಿನಲ್ಲಿರುವವರಿಗೆ ಚಟದ ಚಿಕಿತ್ಸೆ, ಹೊರಬಂದವರಿಗೆ ನೆರವು. 'ಕಳ್ಳರಿಗೆ ಔಷಧಿ ಯಾಕೆ' ಅಂತ ಕೇಳುವವರು ಎಲ್ಲ ಕೌಂಟಿಯಲ್ಲೂ ಇದ್ದಾರೆ. ನಮ್ಮವರಲ್ಲೂ ಇದ್ದಾರೆ. ಚಾಪೆಲ್ ಹಿಲ್‌ನ ಸಂಶೋಧಕರು ಈ ರಾಜ್ಯದ ಸೆರೆಮನೆಗಳಿಂದ 2000ದಿಂದ 2015ರವರೆಗೆ ಹೊರಬಂದವರ ದಾಖಲೆ ತೆಗೆದು ನೋಡಿದರು. ಬಿಡುಗಡೆಯಾದ ಮೊದಲ ಎರಡು ವಾರದಲ್ಲಿ ಇವರು ಓಪಿಯಾಯ್ಡ್ ಓವರ್‌ಡೋಸ್‌ನಿಂದ ಸಾಯುವ ಸಂಭವ ಉಳಿದ ಜನರಿಗಿಂತ 40 ಪಟ್ಟು ಹೆಚ್ಚು. ಕಾರಣ ಸರಳ. ಒಳಗಿದ್ದಾಗ ಮೈ ಅಭ್ಯಾಸ ಬಿಟ್ಟಿರುತ್ತದೆ. ಹೊರಗೆ ಬಂದು ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಒಳಗಿರುವಾಗಲೇ ಚಟದ ಚಿಕಿತ್ಸೆಯ ಔಷಧಿಗಳಾದ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್ ಶುರು ಮಾಡಿ, ಹೊರಬರುವ ದಿನ ಕೈಗೆ ನಲಾಕ್ಸೋನ್ ಕೊಟ್ಟು, ಮುಂದಿನ ಕ್ಲಿನಿಕ್ಕಿನ ತಾರೀಖು ಗುರುತು ಮಾಡಿಕೊಟ್ಟರೆ ಎಷ್ಟೋ ಜನ ಉಳಿಯುತ್ತಾರೆ. ಇಂಥ ಕೆಲಸಕ್ಕೆ ಮೊದಲು ಕೌಂಟಿಯಲ್ಲಿ ದುಡ್ಡು ಹುಟ್ಟುತ್ತಲೇ ಇರಲಿಲ್ಲ.

ಇನ್ನು ಹುಳುಕು. ಮೇಲ್ವಿಚಾರಣೆ ಅಂತ ನಾವು ಕರೆಯುವುದು ಬಹುಪಾಲು ಆಮೇಲಿನ ಕೆಲಸ. ಖರ್ಚಿಗೆ ಮೊದಲು ರಾಜ್ಯದ ಯಾರೂ 'ಇದು ಬೇಡ' ಅನ್ನುವುದಿಲ್ಲ. ಕೌಂಟಿ ಪಟ್ಟಿ ಮೀರಿ ಖರ್ಚು ಮಾಡಿದ್ದು ಗೊತ್ತಾದರೆ ಸರಿಪಡಿಸಿಕೊಳ್ಳಲು ಸಮಯ ಕೊಡುತ್ತಾರೆ. ಸರಿಪಡಿಸದಿದ್ದರೆ ಅಷ್ಟು ಮೊತ್ತವನ್ನು ಮುಂದಿನ ಕಂತಿನಿಂದ ಕಳೆಯುತ್ತಾರೆ. ಅದೂ ಸಾಲದಿದ್ದರೆ ಅಟಾರ್ನಿ ಜನರಲ್ ಕೋರ್ಟಿಗೆ ಹೋಗಬಹುದು. ಕಾಗದದ ಮೇಲೆ ಚೆನ್ನಾಗಿದೆ. ಆದರೆ 'ಗೊತ್ತಾದರೆ' ಅನ್ನುವಲ್ಲೇ ಎಲ್ಲ ನಿಂತಿದೆ. ನೂರು ಕೌಂಟಿಗಳ ವರದಿಯನ್ನು ಸಾಲು ಸಾಲಾಗಿ ಓದುವವರು ಯಾರು?

ಇನ್ನೊಂದು ತೂತು ರಾಷ್ಟ್ರಮಟ್ಟದ ಒಪ್ಪಂದದಲ್ಲೇ ಇದೆ. ಹಳೆಯ ಖರ್ಚನ್ನು ಈ ಹಣದಿಂದ ತುಂಬಿಸಬಾರದು ಅಂತ ಅದು ಎಲ್ಲೂ ಹೇಳುವುದಿಲ್ಲ. ಕೌಂಟಿ ಹತ್ತು ವರ್ಷದಿಂದ ತನ್ನ ತೆರಿಗೆಯಲ್ಲಿ ನಡೆಸುತ್ತಿದ್ದ ಚಿಕಿತ್ಸಾ ಕಾರ್ಯಕ್ರಮದ ಸಂಬಳವನ್ನು ಈ ನಿಧಿಗೆ ಹಾಕಿ, ಉಳಿದ ತೆರಿಗೆ ಹಣವನ್ನು ಬೇರೆಲ್ಲೋ ಬಳಸಿದರೆ ವರದಿ ಶುದ್ಧವಾಗಿಯೇ ಕಾಣುತ್ತದೆ. ಕಲಮು ಸರಿ, ಮೊತ್ತ ಸರಿ, ರಸೀದಿ ಸರಿ. ಹೊಸದಾಗಿ ಒಬ್ಬ ರೋಗಿಗೂ ಚಿಕಿತ್ಸೆ ಸಿಕ್ಕಿರುವುದಿಲ್ಲ. ಆಡಿಟರ್ ಆಗಿ ಹೇಳುತ್ತೇನೆ, ಇದನ್ನು ನಾವು ಹಿಡಿಯುವುದಿಲ್ಲ. ಹಿಡಿಯುವುದು ನಮ್ಮ ಕೆಲಸದ ವ್ಯಾಪ್ತಿಯಲ್ಲೇ ಇಲ್ಲ. ಹೋದ ವರ್ಷದ ಬಜೆಟ್ಟನ್ನೂ ಈ ವರ್ಷದ ಬಜೆಟ್ಟನ್ನೂ ಪಕ್ಕಪಕ್ಕ ಇಟ್ಟು ನೋಡುವ ಊರಿನವರು ಮಾತ್ರ ಹಿಡಿಯಬಲ್ಲರು.

ಬೇರೆ ರಾಜ್ಯಗಳು ಬೇರೆ ದಾರಿ ಹಿಡಿದವು. ಒಹಾಯೊದಲ್ಲಿ ಹಣದ 55 ಶೇಕಡಾ ಒಂದು ಖಾಸಗಿ ಪ್ರತಿಷ್ಠಾನಕ್ಕೆ ಹೋಗುತ್ತದೆ. ಹೆಸರು ಒನ್‌ಒಹಾಯೊ ರಿಕವರಿ ಫೌಂಡೇಶನ್. ಉಳಿದದ್ದರಲ್ಲಿ 30 ಸ್ಥಳೀಯ ಸರ್ಕಾರಗಳಿಗೆ, 15 ರಾಜ್ಯಕ್ಕೆ. ರಾಜಕಾರಣಿಗಳ ಕೈಗೆ ಸಿಗದಿರಲಿ ಅನ್ನುವುದು ಉದ್ದೇಶ, ತಪ್ಪೇನಿಲ್ಲ. ಆದರೆ ಒಂದು ಸ್ವಯಂಸೇವಾ ಸಂಸ್ಥೆ ಅದರ ಕಡತಗಳನ್ನು ಕೇಳಿದಾಗ ಪ್ರತಿಷ್ಠಾನ, 'ನಾವು ಖಾಸಗಿ, ಕೊಡಬೇಕಾಗಿಲ್ಲ' ಅಂದಿತು. ಜಗಳ ಒಹಾಯೊ ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಮೇ ತಿಂಗಳಲ್ಲಿ ಕೋರ್ಟು, ಸಾರ್ವಜನಿಕ ಹಣ ಹಂಚುವ ನೀವು ಸಾರ್ವಜನಿಕ ಕಚೇರಿಯ ಹಾಗೆಯೇ, ಕಡತ ಕೊಡಿ ಅಂತ ಹೇಳಿತು. ಆಮೇಲೇನಾಯಿತು? ಅದೇ ಬೇಸಿಗೆಯಲ್ಲಿ ಶಾಸಕಾಂಗ ಸಾವಿರಾರು ಪುಟದ ಬಜೆಟ್ ಮಸೂದೆಯೊಳಗೆ ಒಂದು ಕಲಮು ಸೇರಿಸಿ, ಈ ಪ್ರತಿಷ್ಠಾನ ಸಾರ್ವಜನಿಕ ಕಚೇರಿ ಅಲ್ಲ ಅಂತ ಬರೆದುಬಿಟ್ಟಿತು. ಕೋರ್ಟಿನಲ್ಲಿ ಗೆದ್ದವರು ಎರಡೇ ತಿಂಗಳಲ್ಲಿ ಕಾನೂನಿನಲ್ಲಿ ಸೋತರು.

ಪೆನ್ಸಿಲ್ವೇನಿಯಾದಲ್ಲಿ ಉಲ್ಟಾ. ಅಲ್ಲಿ 13 ಸದಸ್ಯರ ಒಂದು ಟ್ರಸ್ಟ್ ಇದೆ. ಕೌಂಟಿಗಳು ಖರ್ಚು ಮಾಡಿ ಲೆಕ್ಕ ಒಪ್ಪಿಸಬೇಕು. ಟ್ರಸ್ಟ್ ಅದನ್ನು ನೋಡಿ 'ಇದು ಒಪ್ಪಂದಕ್ಕೆ ಹೊಂದುತ್ತದೆ, ಇದು ಹೊಂದುವುದಿಲ್ಲ' ಅಂತ ತೀರ್ಪು ಕೊಡುತ್ತದೆ. ಹೊಂದದಿದ್ದರೆ ಮುಂದಿನ ಹಣ ನಿಲ್ಲಬಹುದು. 2024ರಲ್ಲಿ ಅದು ಫಿಲಡೆಲ್ಫಿಯಾದ 75 ಲಕ್ಷ ಡಾಲರ್ ಖರ್ಚನ್ನು ಒಪ್ಪಲಿಲ್ಲ. ಆ ಹಣ ಕೆನ್ಸಿಂಗ್ಟನ್ ಎಂಬ ಬಡಾವಣೆಗೆ ಹೋಗಿತ್ತು. ವರ್ಷಗಟ್ಟಲೆ ಬೀದಿಯಲ್ಲೇ ಡ್ರಗ್ಸ್ ಮಾರಾಟ ನಡೆಯುವ ಜಾಗ ಅದು. ಅಲ್ಲಿನ ಮನೆಗಳ ರಿಪೇರಿ, ಪಾರ್ಕು ಮತ್ತು ಶಾಲೆಗಳ ದುರಸ್ತಿ, ಸಣ್ಣ ಅಂಗಡಿಗಳಿಗೆ ನೆರವು, ಇವಕ್ಕೆ ನಗರ ಖರ್ಚು ಮಾಡಿತ್ತು. ಹಾಳಾದದ್ದು ಚಟಕ್ಕೆ ಬಿದ್ದವರು ಮಾತ್ರವಲ್ಲ, ಅವರ ನಡುವೆ ಬದುಕಿದ ಇಡೀ ಬಡಾವಣೆ, ಅನ್ನುವುದು ನಗರದ ವಾದ. ಪಟ್ಟಿಯಲ್ಲಿ ಛಾವಣಿ ರಿಪೇರಿ ಇಲ್ಲ, ಅನ್ನುವುದು ಟ್ರಸ್ಟಿನ ವಾದ. ನಗರ ಕೋರ್ಟಿಗೆ ಹೋಯಿತು.

ಇದರಲ್ಲಿ ನಾನು ಯಾರ ಕಡೆ? ವೃತ್ತಿಯಿಂದ ಟ್ರಸ್ಟಿನ ಕಡೆ. ಬಾಗಿಲ ಮುಂದೆಯೇ ಸೂಜಿಗಳು ಬಿದ್ದಿರುವ ಬೀದಿಯಲ್ಲಿ ಮಕ್ಕಳನ್ನು ಬೆಳೆಸಿದ ತಾಯಿಯ ಜಾಗದಲ್ಲಿ ನಿಂತರೆ ನಗರದ ಕಡೆ. ಆದರೆ ಒಂದು ಮಾತು ಸ್ಪಷ್ಟ. ಅಲ್ಲಿ ಜಗಳ ಬಹಿರಂಗವಾಗಿ ಆಯಿತು. ಯಾರು ಯಾವ ಕಾರಣಕ್ಕೆ ಬೇಡ ಅಂದರು ಅಂತ ಎಲ್ಲರಿಗೂ ಗೊತ್ತಾಯಿತು. ಒಹಾಯೊದಲ್ಲಿ ಕಡತ ನೋಡುವುದಕ್ಕೇ ಜಗಳ. ನಮ್ಮಲ್ಲಿ ಕಡತ ತೆರೆದೇ ಇದೆ, ಜಗಳ ಆಡುವವರು ಬರುತ್ತಿಲ್ಲ.

ಮೇಲಿನವರೇ ದಾರಿ ತಪ್ಪಿದರೆ ಏನು ಅಂತ ಕೇಳಬಹುದು. ನ್ಯೂಜೆರ್ಸಿಯಲ್ಲಿ 2025ರ ಬಜೆಟ್‌ನಲ್ಲಿ ಶಾಸಕಾಂಗ ಈ ನಿಧಿಯಿಂದ 4.5 ಕೋಟಿ ಡಾಲರನ್ನು ನಾಲ್ಕು ಆಸ್ಪತ್ರೆ ಸಮೂಹಗಳಿಗೆ ಕೊಟ್ಟಿತು. ಹಣ ಹೇಗೆ ಬಳಸಬೇಕು ಅಂತ ಸಲಹೆ ಕೊಡಲು ಸಮಿತಿ ಇತ್ತು. ಅದನ್ನು ಕೇಳಲಿಲ್ಲ. ಕಂಪನಿಗಳ ಮೇಲೆ ಕೇಸು ನಡೆಸಿದ ರಾಜ್ಯದ ಅಟಾರ್ನಿ ಜನರಲ್ಲೇ ಬೇಡ ಅಂದರೂ ನಿಲ್ಲಲಿಲ್ಲ. ಇಂಥದ್ದು ನೋಡಿದಾಗ ನಮ್ಮ 85:15 ಹಂಚಿಕೆ ಜಾಣತನ ಅನ್ನಿಸುತ್ತದೆ. ಒಬ್ಬರೇ ಒಂದು ಸಹಿಯಲ್ಲಿ ಅಷ್ಟೂ ಹಣ ತಿರುಗಿಸಲು ಇಲ್ಲಿ ಆಗುವುದಿಲ್ಲ. ನೂರು ಕಡೆ ತಪ್ಪಬಹುದು ನಿಜ, ಆದರೆ ನೂರು ಸಣ್ಣ ತಪ್ಪುಗಳು.

ಪ್ರಶ್ನೆಗಳು

ಮಗಳ ಮನೆಗೆ ಶಿವಮೊಗ್ಗದಿಂದ ಬಂದಿದ್ದ ಹಿರಿಯರೊಬ್ಬರು ಕೇಳಿದರು: "ದುಡ್ಡು ಕೊಟ್ಟು ಕೈ ತೊಳ್ಕೊಂಡ್ರು, ಸರಿ. ಜೈಲಿಗೆ ಹೋದವರು ಯಾರಾದ್ರೂ ಇದ್ದಾರೇನಮ್ಮಾ?"

ಬಹಳ ಕಡಿಮೆ, ಅಂಕಲ್. ಪರ್ಡ್ಯೂ ಕಂಪನಿಯ ಮೂವರು ಅಧಿಕಾರಿಗಳು 2007ರಲ್ಲಿ ತಪ್ಪೊಪ್ಪಿಕೊಂಡರು, ದಂಡ ಕಟ್ಟಿದರು, ಜೈಲಿಗೆ ಹೋಗಲಿಲ್ಲ. ಅದರ ಮಾಲೀಕರಾದ ಸ್ಯಾಕ್ಲರ್ ಕುಟುಂಬದ ಯಾರ ಮೇಲೂ ಕ್ರಿಮಿನಲ್ ಕೇಸು ಆಗಲಿಲ್ಲ. ಜೈಲಿಗೆ ಹೋದವರಲ್ಲಿ ದೊಡ್ಡ ಹೆಸರು ನಮ್ಮ ದೇಶದವರದ್ದೇ. ಅಮೃತಸರದಲ್ಲಿ ಹುಟ್ಟಿದ ಜಾನ್ ಕಪೂರ್. ಫೆಂಟನಿಲ್ ಸ್ಪ್ರೇ ಮಾರುತ್ತಿದ್ದ ಇನ್ಸಿಸ್ ಕಂಪನಿಯ ಸ್ಥಾಪಕರು. ಡಾಕ್ಟರುಗಳಿಗೆ ಲಂಚ ಕೊಟ್ಟ ಪಿತೂರಿಯಲ್ಲಿ 2019ರಲ್ಲಿ ಅಪರಾಧಿ ಅಂತ ತೀರ್ಮಾನವಾಗಿ, 2020ರಲ್ಲಿ ಐದೂವರೆ ವರ್ಷದ ಶಿಕ್ಷೆಯಾಯಿತು.

"ಮೇಡಂ, ಪರ್ಡ್ಯೂ ದುಡ್ಡು ಇದರಲ್ಲಿ ಸೇರಿದೆಯಾ?"

ಇಷ್ಟು ಹೊತ್ತು ಹೇಳಿದ್ದರಲ್ಲಿ ಸೇರಿಲ್ಲ. ಆ ಕಂಪನಿ 2019ರಲ್ಲಿ ದಿವಾಳಿ ಅರ್ಜಿ ಹಾಕಿತು. ಮೊದಲು ಮಾಡಿಕೊಂಡ ಒಪ್ಪಂದದಲ್ಲಿ ಸ್ಯಾಕ್ಲರ್ ಕುಟುಂಬಕ್ಕೆ ಮುಂದೆ ಯಾರೂ ಕೇಸು ಹಾಕದಂತೆ ರಕ್ಷಣೆ ಇತ್ತು. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರಲ್ಲಿ ಅದನ್ನು ತಳ್ಳಿಹಾಕಿತು. ಆಮೇಲೆ 740 ಕೋಟಿ ಡಾಲರಿನ ಹೊಸ ಒಪ್ಪಂದ ಮಾಡಿಕೊಂಡರು. ದಿವಾಳಿ ಕೋರ್ಟು 2025ರ ನವೆಂಬರ್‌ನಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟಿತು.

"ನಮ್ಮ ಮನೆಗಳಲ್ಲಿ ಈ ಸಮಸ್ಯೆ ಇಲ್ವಲ್ಲ ಅಕ್ಕಾ, ನಾವ್ಯಾಕೆ ತಲೆ ಕೆಡಿಸಿಕೊಳ್ಬೇಕು?"

ಇಲ್ಲ ಅಂತ ಹೇಗೆ ಗೊತ್ತು? ನಮ್ಮವರಲ್ಲಿ ಇಂಥದ್ದು ಹೊರಗೆ ಬರುವುದಿಲ್ಲ. ಸಂಬಂಧ ಕೂಡಿಬರುವುದಿಲ್ಲ ಅಂತ ಮುಚ್ಚಿಡುತ್ತಾರೆ. ಮಕ್ಕಳು ಕಾಲೇಜು ಹಾಸ್ಟೆಲ್ಲಿನಲ್ಲಿರುತ್ತಾರೆ, ನಕಲಿ ಮಾತ್ರೆಯಲ್ಲಿ ಫೆಂಟನಿಲ್ ಇರುತ್ತದೆ. ಒಂದು ಕೆಲಸ ಮಾಡಿ, ಮನೆಯಲ್ಲಿ ನಲಾಕ್ಸೋನ್ ಸ್ಪ್ರೇ ಇಟ್ಟುಕೊಳ್ಳಿ. 2023ರಿಂದ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ಕೌಂಟಿ ಆರೋಗ್ಯ ಇಲಾಖೆಯಲ್ಲಿ ಪುಕ್ಕಟೆ ಸಿಗುತ್ತದೆಯಾ ಅಂತಲೂ ಕೇಳಿ ನೋಡಿ. ಮೂಗಿಗೆ ಹೊಡೆಯುವುದು ಮೂಗು ಕಟ್ಟಿದಾಗ ಸ್ಪ್ರೇ ಹಾಕಿದಷ್ಟೇ ಸುಲಭ. ಹೊಡೆದು 911ಕ್ಕೆ ಫೋನ್ ಮಾಡಿ.

ಕೊನೆಯ ಪ್ರಶ್ನೆ ಒಬ್ಬ ಹುಡುಗಿಯದು. ಹೈಸ್ಕೂಲು ಓದುತ್ತಿದ್ದಾಳೆ. "ಆ ಸಭೆಗೆ ಹೋಗಿ ಏನು ಕೇಳಬೇಕು?"

ಮೂರು ಕಾಗದ ಕೇಳು ಪುಟ್ಟಾ. ಒಂದು, ಈ ವರ್ಷದ ಠರಾವುಗಳು. ಎರಡು, ಹೋದ ವರ್ಷದ ಪರಿಣಾಮದ ವರದಿ. ಮೂರು, ಈ ನಿಧಿ ಬರುವುದಕ್ಕೆ ಮೊದಲು, ಅಂದರೆ 2021ರಲ್ಲಿ, ಕೌಂಟಿ ತನ್ನ ತೆರಿಗೆಯಿಂದ ಚಟದ ಚಿಕಿತ್ಸೆಗೆ ಎಷ್ಟು ಖರ್ಚು ಮಾಡುತ್ತಿತ್ತು ಅನ್ನುವ ಲೆಕ್ಕ. ಮೂರನೆಯದನ್ನು ಕೇಳಿದಾಗ ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳಬಹುದು. ಆಗ ಬರವಣಿಗೆಯಲ್ಲಿ ಅರ್ಜಿ ಕೊಡು, ರಾಜ್ಯದ ಸಾರ್ವಜನಿಕ ದಾಖಲೆ ಕಾನೂನಿನ ಪ್ರಕಾರ ಅವರು ಕೊಡಲೇಬೇಕು. ಕೌಂಟಿ ಬಜೆಟ್ ಪಾಸಾಗುವುದು ಜೂನ್‌ನಲ್ಲಿ, ಹೊಸ ಹಣಕಾಸು ವರ್ಷ ಶುರುವಾಗುವುದು ಜುಲೈ 1ಕ್ಕೆ. ಬಜೆಟ್ ಪಾಸಾಗುವ ಮೊದಲು ಜನರ ಮಾತು ಕೇಳುವ ಸಭೆ ಇದ್ದೇ ಇರುತ್ತದೆ. ಅರ್ಜಿಯನ್ನು ಮಾರ್ಚ್‌ನಲ್ಲೇ ಕೊಟ್ಟಿರು.